ಬಿರಡೆಯವರ ಮನೆಯ ಸೌಟು

ಬಿರಡೆ ಎಂಬುದು ನನ್ನ ಅಕ್ಕನ ಮಗಳ ಹೆಸರಲ್ಲ, ಅವಳ ಮನೆತನಕ್ಕೆ ಜನ ಕೊಟ್ಟ ಬಿರುದು. ಸೀಸೆಯ ಬಾಯಿಗೆ ತುರುಕುತ್ತಾರಲ್ಲ, ಆ ಬಿರಡೆ. ತಲೆತಲಾಂತರದಿಂದ ಆ ಮನೆಯವರು ಮಾಡಿಕೊಂಡು ಬಂದ ಕಸುಬು ಒಂದೇ: ಹೋಗುವವರನ್ನು ತಡೆದು ನಿಲ್ಲಿಸುವುದು. ನನ್ನ ಅಕ್ಕನನ್ನು ಆ ಮನೆಗೆ ಕೊಟ್ಟ ಪಾಪಕ್ಕೆ ಅವರ ಚರಿತ್ರೆಯೆಲ್ಲ ನನಗೆ ಬಾಯಿಪಾಠ. ಹೆಣ್ಣು ಕೊಟ್ಟ ಕಡೆಯವರು ನಾವು, ಆಡಿಕೊಳ್ಳುವ ಹಕ್ಕೂ ಇದೆ.

ಮೂಲಪುರುಷ, ಅಂದರೆ ಇವಳ ಮುತ್ತಜ್ಜ, ರೈಲ್ವೆ ಗೇಟು ಕಾಯುವವನು. ಅವನ ಮದುವೆಯ ದಿಬ್ಬಣ ಹೋಗಬೇಕಾದದ್ದು ಅವನದೇ ಗೇಟು ದಾಟಿ. ಅಂದು ಬದಲಿಗೆ ನಿಂತಿದ್ದ ಮನುಷ್ಯ, ಪಾಪ ಮದುಮಗ ಎಂದು ಗೇಟು ತೆರೆದಿಟ್ಟುಕೊಂಡು ಕಾಯುತ್ತಿದ್ದ. ಮುತ್ತಜ್ಜ ಗಾಡಿಯಿಂದ ಧುಮುಕಿ, "ಗೂಡ್ಸ್ ಬರೋ ಹೊತ್ತಾಯ್ತು, ಯಾರಪ್ಪನ ಮದುವೆ ಅಂತ ತೆಗೆದಿಟ್ಟಿದ್ದೀಯೋ?" ಎಂದು ಅವನಿಗೆ ಉಗಿದು, ತಾನೇ ಗೇಟು ಹಾಕಿದ. ಗೂಡ್ಸು ಬಂತು. ಬಂದದ್ದು ಗೇಟಿಗೆ ಅಡ್ಡಲಾಗಿ ಕೆಟ್ಟು ನಿಂತಿತು. ಹೆಣ್ಣಿನವರು ಹಳಿಯ ಆಚೆ, ಗಂಡಿನವರು ಈಚೆ. ಡಬ್ಬಿಗಳ ಸಂದಿಯಲ್ಲಿ ಇಣುಕಿ ಹುಡುಗಿಯ ಅಪ್ಪ ಕೇಳಿದನಂತೆ, "ಅಳಿಯಂದ್ರೇ, ಕಾಯ್ಲಾ, ಇಲ್ಲಾ ಮಗಳನ್ನ ವಾಪಸ್ ಕರ್ಕೊಂಡು ಹೋಗ್ಲಾ?" "ಸಿಗ್ನಲ್ ಬೀಳ್ಲಿ, ಹೇಳ್ತೀನಿ" ಎಂದನಂತೆ ಈ ಮಹಾಶಯ.

ಅವನ ಸೊಸೆ, ಇವಳ ಅಜ್ಜಿ, ವಿದ್ಯಾರ್ಥಿಗಳ ಹಾಸ್ಟೆಲಿನ ಅಡುಗೆಮನೆಯಲ್ಲಿ ಗಂಜಿ ಬಡಿಸುತ್ತಿದ್ದಳು. ಕೈಯಲ್ಲಿ ಹಿಡಿಯ ತುದಿ ಸೊಟ್ಟಗಾದ ಒಂದು ಹಿತ್ತಾಳೆ ಸೌಟು. ತಟ್ಟೆಗೊಂದು ಸೌಟು, ಮಟ್ಟಸವಾಗಿ, ಒಂದು ಹನಿ ಹೆಚ್ಚಿಲ್ಲ, ಕಡಿಮೆಯಿಲ್ಲ. ಅವಳ ಸ್ವಂತ ಮಗನೇ ಆ ಹಾಸ್ಟೆಲಿನಲ್ಲಿ ಓದುತ್ತಿದ್ದ. "ಅಮ್ಮಾ, ಇನ್ನೊಂಚೂರು" ಎಂದು ಹಲ್ಲು ಗಿಂಜಿದರೆ, "ಯಾರಪ್ಪಾ ನೀನು? ಮುಂದೆ ನಡಿ" ಎನ್ನುವಳು. ಪಂಕ್ತಿಭೇದ ಎಂಬ ಮಾತು ಕೇಳಿದರೆ ಅವಳಿಗೆ ಮೈಯೆಲ್ಲ ತುರಿಕೆ. ಎಲ್ಲರೂ ಉಂಡೆದ್ದ ಮೇಲೆ ಕೊನೆಗೆ ತಾನು ಕೂತು ಹಂಡೆಯ ತಳ ಕೆರೆಯುತ್ತಿದ್ದಳು. ಅವಳನ್ನು ಮಹಾತ್ಯಾಗಿ ಎಂದು ಆ ಮನೆಯವರು ಇಂದಿಗೂ ಹಾಡಿ ಹೊಗಳುತ್ತಾರೆ. ಹಂಡೆಯ ತಳದಲ್ಲಿ ಕೆಂಪಗೆ ಹತ್ತಿಕೊಂಡ ಗಂಜಿಯ ರುಚಿ ಗೊತ್ತಿರುವ ನಾನು ಮಾತ್ರ ಸುಮ್ಮನೆ ಮೂಗಿನಲ್ಲಿ ನಗುತ್ತೇನೆ.

ಆ ಹಲ್ಲು ಗಿಂಜಿದ ಮಗನೇ ಮುಂದೆ ನನ್ನ ಭಾವನಾದ. ಸಿನಿಮಾ ಟಾಕೀಸಿನ ಬಾಗಿಲಲ್ಲಿ ಟಿಕೆಟು ಹರಿಯುವ ಕೆಲಸ. ತಾಳಿ ಕಟ್ಟಿದ ಹೆಂಡತಿ, ನನ್ನಕ್ಕ, ನಿನ್ನೆಯ ಟಿಕೆಟು ಹಿಡಿದು ಬಂದಳೆಂದು ಅವಳನ್ನು ಜನರೆದುರಿಗೇ ವಾಪಸ್ಸು ಕಳಿಸಿದ ಪುಣ್ಯಾತ್ಮ. ಇಂಟರ್ವಲ್‌ನಲ್ಲಿ ಬೀಡಿ ಸೇದಲು ಹೊರಗೆ ಬಂದ ನನ್ನನ್ನೂ, ಬಾಗಿಲು ಹಾಕಿದ ಮೇಲೆ ಬಂದೆನೆಂದು ಒಳಗೆ ಬಿಡಲಿಲ್ಲ. ಆ ಚಿತ್ರದಲ್ಲಿ ಕೊನೆಗೆ ನಾಯಕ ಸತ್ತನೋ ಬದುಕಿದನೋ ನನಗೆ ಇವತ್ತಿಗೂ ಗೊತ್ತಿಲ್ಲ.

ಇಂಥ ವಂಶವೃಕ್ಷದ ತುದಿಯಲ್ಲಿ ಬಿಟ್ಟ ಕಾಯಿ ನಮ್ಮ ಬಿರಡೆ. ಕಾಯಿ ಎಷ್ಟು ಹುಳಿ ಎಂಬುದು ಹೀಚಿನಲ್ಲೇ ತಿಳಿಯಿತು. ಅವರಿದ್ದ ಕಟ್ಟಡದಲ್ಲಿ ಮಹಡಿಯವರಿಗೆಲ್ಲ ಒಂದೇ ಬಚ್ಚಲು. ಬೆಳಗಾದರೆ ಬಾಗಿಲ ಮುಂದೆ ಬಕೆಟ್ಟು ಕವುಚಿಕೊಂಡು ಅದರ ಮೇಲೆ ಕೂರುತ್ತಿದ್ದಳು ಈ ಚೋಟುದ್ದದ ಪೋರಿ. ಒಳಗಿದ್ದವರು ಹಾಡು ಶುರು ಮಾಡಿದರೆ ಬಾಗಿಲು ಬಡಿದು, "ಹಾಡೋರಿಗೆ ನೀರು ಬೇಕಾಗಿಲ್ಲ ಅಂತ ಅರ್ಥ, ಹೊರಗೆ ಬನ್ನಿ" ಎಂದು ಕೂಗುವಳು. ಪಕ್ಕದ ಮನೆಯ ಟೈಲರು ಇವಳ ಹೆದರಿಕೆಗೆ ಹಾಡುವುದನ್ನೇ ಬಿಟ್ಟ. ಅದೊಂದು ಉಪಕಾರ ಎಂದು ಅವನ ಹೆಂಡತಿ ಹೇಳುತ್ತಿದ್ದಳು.

ಓದಿದಳು, ಬೆಳೆದಳು, ಕೆಲಸಕ್ಕೆ ಸೇರಿದಳು. ನನ್ನ ಗಡಿಯಾರ ರಿಪೇರಿ ಅಂಗಡಿಯ ಪಕ್ಕದ ಕಟ್ಟಡದಲ್ಲಿ ಕೆಳಗೆ ಟೈರಿನ ಅಂಗಡಿ, ಮೇಲೆ ಒಂದು ಕ್ಲೌಡ್ ಕಂಪನಿ. ಕ್ಲೌಡ್ ಅಂದರೆ ಮೋಡ. ಮೋಡ ಆಕಾಶದಲ್ಲಿರಬೇಕು. ಈ ಮೋಡ ಟೈರಿನ ವಾಸನೆ ಕುಡಿಯುತ್ತ ಮೊದಲನೇ ಮಹಡಿಯಲ್ಲಿ ಬಾಡಿಗೆಗಿದೆ. ಒಳಗಿನ ಗಾಜಿನ ಕೋಣೆಯಲ್ಲಿ, ತಟ್ಟೆ ಸ್ಟ್ಯಾಂಡಿನಲ್ಲಿ ತಟ್ಟೆ ಜೋಡಿಸಿದ ಹಾಗೆ ದೊಡ್ಡ ದೊಡ್ಡ ಕಂಪ್ಯೂಟರುಗಳು. ಒಂದೊಂದನ್ನೂ ಲೆಕ್ಕದಲ್ಲೇ ಸೀಳಿ, ಇವು ಹತ್ತಾರು ಕಂಪ್ಯೂಟರು ಎಂದು ಜನರಿಗೆ ಬಾಡಿಗೆಗೆ ಕೊಡುತ್ತಾರೆ. ಅದಕ್ಕೆ ವರ್ಚುವಲ್ ಮಷಿನ್ ಎಂದು ಹೆಸರು. ಮುಟ್ಟಲು ಹೋದರೆ ಇಲ್ಲ, ಬಾಡಿಗೆ ಕೇಳುವಾಗ ಇದೆ. ನಾನು ಯಾವ ಶಾಲೆಗೂ ಹೋಗದೆ ಗಡಿಯಾರ ಕಲಿತವನು; ಇಲ್ಲದ ಕಂಪ್ಯೂಟರನ್ನು ಅರ್ಥ ಮಾಡಿಕೊಳ್ಳಲು ನನಗೆ ಎರಡು ಲೋಟ ಟೀ ಸಾಕಾಯಿತು.

ಹಲ್ಲಿನ ಡಾಕ್ಟರು, ಪೈಪು ಮಾರುವವನು, ಡ್ರೈವಿಂಗ್ ಕಲಿಸುವವನು, ಹೂವಿನ ಅಂಗಡಿಯವಳು, ಹಿಂದಿನ ಬೀದಿಯ ಶಾಲೆ, ಎಲ್ಲರ ವೆಬ್‌ಸೈಟುಗಳೂ ಅಲ್ಲೇ ಒಂದೊಂದು ಮಷಿನ್ ಹಿಡಿದು ಕೂತಿವೆ. ಮಷಿನ್ ಎಷ್ಟೇ ಇರಲಿ, ಎಲ್ಲರ ಮಾತೂ ಹೋಗಿ ಬರುವುದು ಕಿಟಕಿಯ ಮೂಲೆಯ ತೂತಿನಿಂದ ಒಳಗೆ ಬಂದ ಒಂದೇ ಒಂದು ಕೇಬಲ್ಲಿನಲ್ಲಿ. ಹಲ್ಲಿ ನುಗ್ಗದ ಹಾಗೆ ತೂತಿನ ಸುತ್ತ ಹಳೆಯ ಬನೀನು ತುರುಕಿದ್ದಾರೆ.

ಮೊದಮೊದಲು ಬಿರಡೆಯದು ದೂರಿನ ಫೋನು ಎತ್ತುವ ಕೆಲಸ. ಅವಳ ಜೀವಮಾನದಲ್ಲೇ ಅಷ್ಟು ಹೀನಾಯ ಕಾಲ ಇನ್ನೊಂದಿಲ್ಲ. ಸಂಜೆಯಾದರೆ ಸಾಕು, ಹಲ್ಲಿನ ಡಾಕ್ಟರ ಪುಟ ತೆರೆಯುವುದಿಲ್ಲ, ಹೂವಿನವಳ ಹೂವು ಅರಳುವುದಿಲ್ಲ. "ದಯವಿಟ್ಟು ಸ್ವಲ್ಪ ಹೊತ್ತು ಕಾಯಿರಿ" ಎಂದು ದಿನವೆಲ್ಲ ಗಿಳಿಯ ಹಾಗೆ ಒಪ್ಪಿಸಬೇಕು. ಕಾಯಿಸುವುದು ಆ ಮನೆಯವರ ರಕ್ತದಲ್ಲೇ ಇದೆ, ಅದರಿಂದ ಅವಳಿಗೆ ಬೇಜಾರಿಲ್ಲ. ಬೇರೆ ಯಾರೋ ತಡೆಯುತ್ತಾರೆ, ತಾನು ಬರೀ ಕ್ಷಮೆ ಕೇಳುತ್ತೇನೆ ಎಂಬುದು ಮಾತ್ರ ಎದೆಗೆ ಮುಳ್ಳಾಗಿ ಚುಚ್ಚುತ್ತಿತ್ತು.

ತಡೆಯುತ್ತಿದ್ದವನು ಕಂಪನಿಯ ಯಜಮಾನರ ಅಳಿಯ. ಆಟದ ಪಂದ್ಯಗಳನ್ನು ಕ್ಯಾಮೆರಾದಲ್ಲಿ ಹಿಡಿದು ಇಂಟರ್ನೆಟ್ಟಿನಲ್ಲಿ ನೇರ ತೋರಿಸುವ ವ್ಯಾಪಾರ ಅವನದು, ಅವನ ಮಷಿನ್ನೂ ಅಲ್ಲೇ. 'ಅಳಿಯ ಮನೆ ತೊಳಿಯ' ಎಂದು ಗಾದೆ. ಈ ಅಳಿಯ ತೊಳೆದ, ಬುಡದವರೆಗೂ ತೊಳೆದ: ಇವನ ವಿಡಿಯೋ ಹೊರಟಿತೆಂದರೆ ಕೇಬಲ್ಲಿನಲ್ಲಿ ಇನ್ನೊಬ್ಬರ ಮಾತು ನುಸುಳಲು ಸೂಜಿಮೊನೆಯಷ್ಟೂ ಜಾಗ ಇರುತ್ತಿರಲಿಲ್ಲ. ಹಾಗೆಂದು ಕೆಟ್ಟವನಲ್ಲ. ಬುದ್ಧಿವಂತ, ನಗುಮುಖದವನು. ಮಾವನ ಮನೆಯ ಗಾಳಿ ಜಾಸ್ತಿ ಕುಡಿದಿದ್ದ, ಅಷ್ಟೆ.

ಒಂದು ದಿನ ಬಿರಡೆ ಫೋನು ಕೆಳಗಿಟ್ಟು, ಯಜಮಾನರ ಮೇಜಿನ ಮುಂದೆ ಹೋಗಿ ನಿಂತು, ಒಂದೊಂದು ಮಷಿನ್ನಿಗೂ ಕೇಬಲ್ಲಿನಲ್ಲಿ ಇಷ್ಟೇ ಪಾಲು ಎಂದು ಮಿತಿ ಹಾಕಬೇಕು, ಹಾಕುವವಳು ನಾನೇ ಎಂದಳು. ದೂರು ಕೇಳಿ ಕೇಳಿ ಕಿವಿ ಕಿವುಡಾಗಿದ್ದ ಯಜಮಾನರು ಹೂಂ ಅಂದುಬಿಟ್ಟರು. ಗಾಜಿನ ಕೋಣೆಗೆ ಬೆನ್ನು ಹಾಕಿದ ತಿರುಗು ಕುರ್ಚಿ ಅವಳದಾಯಿತು. ತೋಳು ಹರಿದು ಸ್ಪಂಜು ಹೊರಗೆ ಬಂದಿದ್ದ ಆ ಕುರ್ಚಿಗೆ ಟೇಪು ಸುತ್ತಿ, ಮನೆಯಿಂದ ದಿಂಬು ತಂದು ಹಾಕಿಕೊಂಡು ಕೂತಳು ನೋಡಿ, ಪಟ್ಟಾಭಿಷೇಕವಾದ ಹಾಗೆ.

ಮಧ್ಯಾಹ್ನ ನನ್ನ ಅಂಗಡಿಗೆ ಗಿರಾಕಿ ಬರುವುದಿಲ್ಲ. ಫ್ಲಾಸ್ಕಿನಲ್ಲಿ ಟೀ ತುಂಬಿಕೊಂಡು ಅವಳ ಪಕ್ಕದ ಸ್ಟೂಲಿನಲ್ಲಿ ಕೂರುವುದು ನನ್ನ ರೂಢಿ.

"ಏನಮ್ಮಾ ಮಾಡ್ತೀಯ ಇಡೀ ದಿನ?" ಎಂದೆ.

"ಅಜ್ಜಿ ಮಾಡ್ತಿದ್ದಿದ್ದೇ ಮಾವ. ಸೆಕೆಂಡಿಗೆ ಇಷ್ಟು ಅಂತ ಒಬ್ಬೊಬ್ಬರಿಗೂ ಒಂದು ಸೌಟು. ಅದು ಮಾಮೂಲಿ ಪಾಲು. ಸುಮ್ಮನೆ ಕೂತಿದ್ದೋರು ತಟಕ್ಕನೆ ಹಸ್ಕೊಂಡು ಬಂದ್ರೆ ಮೊದಲಿಗೆ ಒಂದು ಸೌಟು ಜಾಸ್ತಿ. ಅದಕ್ಕೆ ಬರ್ಸ್ಟ್ ಅಂತಾರೆ. ಆಮೇಲೆ ಮತ್ತೆ ಒಂದೇ ಸೌಟು."

"ನಿಮ್ಮಜ್ಜಿ ಜಾಸ್ತಿ ಹಾಕಿದ್ದು ನಾನು ಕಾಣೆ."

"ಅದು ನನ್ನ ಕಾಲದ ಸುಧಾರಣೆ" ಎಂದಳು ಗತ್ತಿನಿಂದ.

ದೂರುಗಳು ಒಂದಷ್ಟು ದಿನ ಮಾಯವಾದವು. ಆಮೇಲೆ ಸದ್ದಿಲ್ಲದೆ ಮತ್ತೆ ಶುರುವಾದವು. ಬಿರಡೆ ಪರದೆಯ ಮೇಲಿನ ಗೆರೆಗಳನ್ನು ನೋಡುತ್ತ ಕೂತಳು. ಅಳಿಯನ ಮಷಿನ್ನಿನದು ಒಂದು ಗೆರೆ ಇರಬೇಕಾದಲ್ಲಿ ಎರಡು, ಅವಳಿಜವಳಿ, ಎರಡೂ ಮಿತಿಯ ತುದಿಗೆ ತಲೆ ಒತ್ತಿಕೊಂಡು ನಿಂತಿವೆ. ಅಳಿಯನನ್ನು ಕರೆಸಿದಳು.

"ಏನಪ್ಪಾ ಇದು, ಒಂದು ಮಷಿನ್‌ಗೆ ಕೇಬಲ್ ಹಿಡಿಯೋಕೆ ಎರಡು ನೆಟ್‌ವರ್ಕ್ ಕಾರ್ಡು?"

"ನೀವು ಮಿತಿ ಹಾಕಿದ್ದು ಕಾರ್ಡಿಗೆ ತಾನೇ ಅಕ್ಕಾ? ಎರಡನೇ ಕಾರ್ಡು ಹಾಕ್ಬಾರ್ದು ಅಂತ ಎಲ್ಲಿ ಹೇಳಿದ್ರಿ?"

"ಎರಡು ತಟ್ಟೆ ಹಿಡ್ಕೊಂಡು ಬಂದೋನಿಗೆ ನಮ್ಮಜ್ಜಿ ಏನು ಮಾಡ್ತಿದ್ರು ಗೊತ್ತಾ?"

"ಏನು ಮಾಡ್ತಿದ್ರು?"

"ಎರಡೂ ಕಿತ್ಕೊಂಡು, ಹಾಸ್ಟೆಲಿನ ತಟ್ಟೆನೆಲ್ಲ ಅವನ ಕೈಲೇ ತೊಳಿಸ್ತಿದ್ರು."

ಅಳಿಯ ನಕ್ಕ. "ಬಡಿಸೋರು ನಮ್ಮೋರಾದ್ರೆ ಕೊನೇ ಪಂಕ್ತೀಲಿ ಕೂತ್ರೇನು ಅಂತ ಗಾದೆ ಇದೆ ಅಕ್ಕಾ. ನೀವು ನಮ್ಮೋರೇ ಅಲ್ವಾ?"

"ನಮ್ಮನೇಲಿ ಆ ಗಾದೆ ತಲೆಕೆಳಗು. ಬಡಿಸೋಳು ನಮ್ಮೋಳಾದ್ರೆ ಹೋಟೆಲಿಗೆ ಹೋಗೋದೇ ವಾಸಿ. ಬೇಕಾದ್ರೆ ಇಲ್ಲೇ ಕೂತಿರೋ ನಮ್ಮ ಮಾವನ್ನ ಕೇಳು."

ನಾನು ಆ ಸಿನಿಮಾದ ಕತೆ ಹೇಳಲು ಬಾಯಿ ತೆರೆದೆ. ಇಬ್ಬರೂ ಕೇಳಿಸಿಕೊಳ್ಳಲಿಲ್ಲ.

ಮಾತು ಯಜಮಾನರ ತನಕ ಹೋಯಿತು. ಯಜಮಾನರು ಗುಂಡಗೆ, ಬೆಳ್ಳಗೆ, ಯಾವ ಕಡೆಗೆ ತಳ್ಳಿದರೂ ಆ ಕಡೆಗೆ ಉರುಳುವ ಮನುಷ್ಯ. ಮನೆಯಲ್ಲಿ ಮಗಳು ತಳ್ಳುತ್ತಾಳೆ, ಆಫೀಸಿನಲ್ಲಿ ಬಿರಡೆ ತಳ್ಳುತ್ತಾಳೆ. ಅಳಿಯ ಒಂದು ಸಲಹೆ ತಂದಿದ್ದ: ತಾನೇ ನೋಡಿ ತಾನೇ ಹಂಚುವ ಪ್ರೋಗ್ರಾಂ ಒಂದು ಸಿಗುತ್ತದೆ, ಅದನ್ನು ತಂದು ಹಾಕೋಣ, ಅದರ ಉಸ್ತುವಾರಿ ತಾನು ನೋಡಿಕೊಳ್ಳುತ್ತೇನೆ. ಕುರ್ಚಿಯೂ ತನಗೆ ಬೇಕು ಎಂದು ಅವನು ಬಾಯಿಬಿಟ್ಟು ಹೇಳಲಿಲ್ಲ. ಅದರ ಟೇಪು ಸುತ್ತಿದ ತೋಳನ್ನು ಸವರುತ್ತ ನಿಂತಿದ್ದ, ಅಷ್ಟೆ.

ಯಜಮಾನರು ಅಪರೂಪಕ್ಕೆ ಗಟ್ಟಿಯಾಗಿ ಒಂದು ತೀರ್ಪು ಕೊಟ್ಟರು. "ನೋಡಮ್ಮಾ, ಫುಟ್‌ಬಾಲ್ ಫೈನಲ್ ಇದೆ, ಇವನು ತೋರಿಸ್ತಾನೆ. ಅವತ್ತೇ ಮಧ್ಯಾಹ್ನ ಶಾಲೆಯವರು ಸೀಟು ಸಿಕ್ಕಿದೋರ ಪಟ್ಟಿ ಹಾಕ್ತಾರೆ. ಊರಿಗೂರೇ ಬಂದು ಮೇಲೆ ಬೀಳುತ್ತೆ. ಅವತ್ತು ನಿಧಾನ ಅಂತ ಒಂದು ದೂರು ಬಂದ್ರೂ ಕುರ್ಚಿ ಇವನಿಗೆ, ನೀನು ಮತ್ತೆ ಫೋನಿಗೆ. ಬರ್ಲಿಲ್ಲ ಅಂದ್ರೆ ಕುರ್ಚಿ ನಿನ್ನದೇ, ನಾನು ಸಾಯೋವರೆಗೂ ಯಾರೂ ಕೇಳಲ್ಲ. ಒಳಗಿನೋರೋ ಹೊರಗಿನೋರೋ, ಸ್ವಲ್ಪ ಸಡಿಲ ಮಾಡಿ ಅಂತ ಯಾರೇ ಕೇಳ್ಲಿ, ಅದು ದೂರೇ."

"ಇವನು ಕೇಳಿದ್ರೆ?" ಎಂದಳು ಬಿರಡೆ, ಅಳಿಯನ ಕಡೆ ಗಲ್ಲ ತೋರಿಸಿ.

"ನಾನು ಕೇಳಲ್ಲಕ್ಕಾ. ಮರ್ಯಾದೆ ಇದೆ" ಎಂದ ಅಳಿಯ. ಆ ಮಾತನ್ನು ಅವನು ಉಳಿಸಿಕೊಂಡ, ಅದನ್ನು ಒಪ್ಪಬೇಕು.

ಬಿರಡೆ ಹಳೆಯ ಮಿತಿಯನ್ನೆಲ್ಲ ಅಳಿಸಿ ಹೊಸದಾಗಿ ಕಟ್ಟಿದಳು. ಈ ಸಲ ಕಾರ್ಡಿಗಲ್ಲ, ಇಡೀ ನೆಟ್‌ವರ್ಕಿಗೇ ನಿಯಮ. ಒಳಗೆ ಯಾವ ಮಷಿನ್ನೇ ಹುಟ್ಟಲಿ, ಹುಟ್ಟಿದ ಗಳಿಗೆಯಲ್ಲೇ ಅದಕ್ಕೆ ಸೌಟು ಬೀಳಬೇಕು. ಒಬ್ಬ ಗಿರಾಕಿ ಎಷ್ಟು ಕಾರ್ಡು ಅಂಟಿಸಿಕೊಂಡರೂ ಎಲ್ಲ ಸೇರಿ ಒಂದೇ ಪಾಲು. ದೊಡ್ಡದು, ನಡುವಿನದು, ಚಿಕ್ಕದು ಎಂದು ದರ್ಜೆಗಳು. ಎಲ್ಲಕ್ಕಿಂತ ಕೆಳಗೆ ಇನ್ನೊಂದು, ಅದಕ್ಕೆ ಅವಳು ಚಿಟಿಕೆ ಎಂದು ಹೆಸರಿಟ್ಟಿದ್ದಳು. ಬಾಡಿಗೆ ಹಿಡಿದು ಮರೆತುಹೋದವರ, ನಿದ್ದೆ ಹೊಡೆಯುವ ಮಷಿನ್ನುಗಳಿಗೆ ಅದು. ಒಂದು ಚಿಟಿಕೆ ಉಪ್ಪಿನಷ್ಟು.

ಈ ಅಪ್ಪಣೆಗಳನ್ನೆಲ್ಲ ಅವಳು ಕೊಡುವುದು ಒಂದು ಮಷಿನ್ನಿನ ಮೂಲಕ. ಅದೂ ಅದೇ ನೆಟ್‌ವರ್ಕಿನಲ್ಲಿ ಇರುವ, ಮುಟ್ಟಲಾಗದ ಇನ್ನೊಂದು ಮಷಿನ್ನೇ. ಅದನ್ನು ಯಾವ ದರ್ಜೆಗೆ ಹಾಕುತ್ತಾಳೆ ಎಂದು ನೋಡುತ್ತಿದ್ದೆ. ಯಾವ ಹಿಂಜರಿಕೆಯೂ ಇಲ್ಲದೆ ಚಿಟಿಕೆಗೆ ಹಾಕಿದಳು.

"ಅಲ್ಲವೇ, ಅದು ನಿನ್ನದು" ಎಂದೆ.

"ಅದಕ್ಕೇ. ಬಡಿಸೋಳು ಮೊದಲು ಉಂಡ್ರೆ ಸೌಟು ಸುಳ್ಳು ಹೇಳುತ್ತೆ ಮಾವ. ಅಪ್ಪಣೆ ಕೊಡೋಕೆ ಎಷ್ಟು ಬೇಕು? ನಾಲ್ಕು ಅಕ್ಷರ."

ನಾಲ್ಕು ಅಕ್ಷರದ ಲೆಕ್ಕ ಸರಿಯಾಗಿಯೇ ಇತ್ತು. ಅವಳು ಮರೆತದ್ದು ಬೇರೆ. ಹಿಂದೆ ಕರಿ ಪರದೆಯಲ್ಲಿ ಅಕ್ಷರ ಹೊಡೆದು ಅಪ್ಪಣೆ ಕೊಡುತ್ತಿದ್ದಳು. ಈಚೆಗೆ ಅಳಿಯ ಒಂದು ಬಣ್ಣದ ಪರದೆ ತಂದು ಹಾಕಿಸಿದ್ದ, ತಿರುಗುವ ಚಕ್ರ, ಮುಳ್ಳು ಕುಣಿಯುವ ಗಡಿಯಾರ, ಕಾಮನಬಿಲ್ಲಿನಂಥ ಗೆರೆಗಳು. ಒತ್ತಿದರೆ ಕೆಲಸವಾಗುತ್ತಿತ್ತು. ಬೈದುಕೊಂಡೇ ಅವಳೂ ಅದಕ್ಕೆ ಒಗ್ಗಿಬಿಟ್ಟಿದ್ದಳು. ಆ ಚಿತ್ರಪಟವೆಲ್ಲ ಅದೇ ಚಿಟಿಕೆಯ ಸಂದಿಯಲ್ಲಿ ತೂರಿ ಬರಬೇಕು ಎಂಬುದು ಆನೆಯನ್ನು ಅಡುಗೆಮನೆಯ ಕಿಟಕಿಯಿಂದ ಕರೆದ ಹಾಗೆ ಎಂದು ಆಗ ಹೊಳೆಯಲಿಲ್ಲ. ಬೇರೆ ಯಾವ ಮನೆತನದವಳಾದರೂ ತನ್ನ ಮಷಿನ್ನಿಗೆ ಎಲ್ಲರಿಗಿಂತ ಅಗಲದ ದಾರಿ ಬಿಟ್ಟುಕೊಳ್ಳುತ್ತಿದ್ದಳು, ಈ ಕತೆಯೇ ಇರುತ್ತಿರಲಿಲ್ಲ.

ಫೈನಲ್ ದಿನ ಬಂತು. ದೂರಿನ ಫೋನನ್ನು ಯಜಮಾನರು ತಮ್ಮ ಮೇಜಿಗೆ ತರಿಸಿಕೊಂಡು, ಕೋಳಿ ಮೊಟ್ಟೆಗೆ ಕಾವು ಕೊಡುವ ಹಾಗೆ ಅದರ ಮುಂದೆ ಕೂತಿದ್ದರು. ಅಳಿಯ ಗೋಡೆಗೆ ಒರಗಿ ಮೊಬೈಲಿನಲ್ಲಿ ತನ್ನದೇ ಪಂದ್ಯ ನೋಡುತ್ತಿದ್ದ. ಪಂದ್ಯ ಶುರುವಾದರೂ ಹಲ್ಲಿನ ಡಾಕ್ಟರ ಪುಟ ತೆರೆಯಿತು, ಹೂವು ಅರಳಿತು, ಪೈಪು ಹರಿಯಿತು. ಅಳಿಯನ ಎರಡು ಕಾರ್ಡೂ ಸೇರಿ ಒಂದೇ ಪಾಲಿನಲ್ಲಿ ಓಡಿದವು.

"ಚಿತ್ರ ಸ್ವಲ್ಪ ಮಸುಕು. ಚೆಂಡು ಕುಂಬಳಕಾಯಿ ಥರ ಕಾಣ್ತಿದೆ" ಎಂದ ಅಳಿಯ, ಗಾಳಿಗೆ ಹೇಳಿದ ಹಾಗೆ.

"ದೂರಾ?" ಎಂದಳು ಬಿರಡೆ ತಿರುಗಿಯೂ ನೋಡದೆ.

"ಅಯ್ಯೋ, ವರ್ಣನೆ ಅಕ್ಕಾ!"

ಬಾಕಿ ಉಳಿದದ್ದು ಶಾಲೆ. ಶಾಲೆಯ ದೊಡ್ಡ ಟೀಚರು ಸ್ವತಃ ಬಂದು, ಪಟ್ಟಿ ಹಾಕುವ ಮಧ್ಯಾಹ್ನಕ್ಕೆ ಮಾತ್ರ ತಮ್ಮ ಮಷಿನ್ನಿಗೆ ದೊಡ್ಡ ದರ್ಜೆ ಬೇಕೆಂದು ಬಾಡಿಗೆ ಮಾತಾಡಿಕೊಂಡು ಹೋಗಿದ್ದರು. ಬೆಳಗ್ಗೆಯೇ ಏರಿಸಿಡು ಎಂದು ನಾನು ಹೇಳಿದ್ದೆ. ಉಣ್ಣುವವರು ಕೂರುವ ಮೊದಲೇ ತಟ್ಟೆಗೆ ಹಾಕಿದರೆ ನೊಣಕ್ಕೆ ಹಬ್ಬ ಎಂದು ಅವಳು ಒಪ್ಪಿರಲಿಲ್ಲ. ಈಗ ಪಟ್ಟಿ ಬೀಳುವ ಹೊತ್ತು ಹತ್ತಿರವಾಗಿತ್ತು. ಬಿರಡೆ ಕೈಬೆರಳ ನೆಟಿಗೆ ಮುರಿದು ಬಣ್ಣದ ಪರದೆ ತೆರೆದಳು.

ಪರದೆ ಬೆಳ್ಳಗೆ ಆಯಿತು. ಬೆಳ್ಳಗೇ ಇತ್ತು. ಸುಮಾರು ಹೊತ್ತಿನ ಮೇಲೆ ಕಂಪನಿಯ ಗುರುತಿನ ಮೇಲುತುದಿ ಬಂತು, ಬೋಳುತಲೆಯವನೊಬ್ಬ ಗೋಡೆಯಾಚೆಯಿಂದ ಇಣುಕಿದ ಹಾಗೆ. ಮತ್ತೆ ಒತ್ತಿದಳು. ಬೋಳುತಲೆಯೂ ಮಾಯ. ಮತ್ತೆ ಒತ್ತಿದಳು. ಮತ್ತೆ, ಮತ್ತೆ.

"ಏನಾಯ್ತೇ?" ಎಂದೆ ಮೆಲ್ಲಗೆ.

"ಚಿಟಿಕೆ" ಎಂದಳು. ಅಪ್ಪಣೆ ಕೊಡುವ ಮಷಿನ್ನಿಗೆ ತಾನೇ ಹಾಕಿದ್ದ ದರ್ಜೆ.

ಶಾಲೆಯ ಮಷಿನ್ನು ಇನ್ನೂ ಚಿಕ್ಕ ದರ್ಜೆಯಲ್ಲಿದೆ. ಊರಿನ ಅಪ್ಪ ಅಮ್ಮಂದಿರೆಲ್ಲ ಆ ಸಣ್ಣ ಸಂದಿಗೆ ಒಟ್ಟಿಗೆ ತಲೆ ತೂರಿಸಿದರೆ ಒಬ್ಬರಿಗೂ ಪಟ್ಟಿ ಕಾಣುವುದಿಲ್ಲ. ಆಮೇಲೆ ಫೋನು ಬಾಯಿಗೆ ಬಂದ ಹಾಗೆ ಬಡಿದುಕೊಳ್ಳುತ್ತದೆ. ಕುರ್ಚಿ ಹೋದ ಹಾಗೆಯೇ.

ಗೋಡೆಗೆ ಒರಗಿದ್ದ ಅಳಿಯ ಹತ್ತಿರ ಬಂದು ಇಣುಕಿದ. ನೋಡಿದ ಕೂಡಲೇ ಅರ್ಥ ಮಾಡಿಕೊಂಡ. ಗಾಜಿನ ಕೋಣೆಯ ಕೀಲಿ ಅವನ ಸೊಂಟದಲ್ಲಿತ್ತು. ಒಳಗೆ ಹೋಗಿ ದೊಡ್ಡ ಕಂಪ್ಯೂಟರಿಗೇ ಕೀಬೋರ್ಡು ಚುಚ್ಚಿದರೆ ಯಾವ ಮಿತಿಯೂ ಅಡ್ಡ ಬರುವುದಿಲ್ಲ.

"ಅಕ್ಕಾ, ನಿಮ್ಮ ಕೊರಳಿಗೆ ನೀವೇ ಹಗ್ಗ ಹಾಕ್ಕೊಂಡ್ರಾ?" ಎಂದ. ಅಣಕವಿತ್ತು, ಕನಿಕರವೂ ಇತ್ತು. "ಒಂದು ಮಾತು ಹೇಳಿ. ಒಳಗೆ ಹೋಗಿ ಕಣ್ಣು ಮಿಟುಕಿಸೋದ್ರಲ್ಲಿ ನಿಮ್ಮ ಮಷಿನ್ ಸಡಿಲ ಮಾಡಿ ಬರ್ತೀನಿ."

"ಸಡಿಲ ಮಾಡು ಅಂತ ನಾನು ಕೇಳಿದ್ರೆ ಅದೇನು?"

ಅಳಿಯ ಮಾವನ ಕಡೆ ನೋಡಿದ. ಯಜಮಾನರು ಫೋನಿನ ಮೇಲಿಂದ ಕತ್ತೆತ್ತಿ, "ನಾನು ಹೇಳಿದ್ದು ಹೇಳಿದ್ದೇ. ಒಳಗಿನೋರು ಕೇಳಿದ್ರೂ ದೂರು ದೂರೇ" ಎಂದರು. ಜೀವನದಲ್ಲಿ ಒಂದೇ ಸಲ ಗಟ್ಟಿಯಾಗಿದ್ದರಲ್ಲ, ಅದನ್ನು ಬಿಡಲು ಮನಸ್ಸಿರಲಿಲ್ಲ ಪುಣ್ಯಾತ್ಮರಿಗೆ.

"ಹಂಗಾದ್ರೆ ಆ ಕಡೆ ನಿಂತ್ಕೋ, ಗಾಳಿ ಬರ್ಲಿ" ಎಂದಳು ಬಿರಡೆ ಅಳಿಯನಿಗೆ.

ಮತ್ತೆ ಗುಂಡಿಯ ಮೇಲೆ ಬೆರಳು ಹೋಯಿತು. ಅಲ್ಲೇ ನಿಂತಿತು. ಪರದೆಯನ್ನೇ ನೋಡುತ್ತಿದ್ದವಳು ತನ್ನಷ್ಟಕ್ಕೆ, "ಥೂ, ನಾನೇ ಗದ್ದಲ ಮಾಡ್ತಿದ್ದೀನಿ" ಎಂದಳು. ಒಂದೊಂದು ಸಲ ಒತ್ತಿದಾಗಲೂ ಇಡೀ ಚಿತ್ರಪಟ ಹೊಸದಾಗಿ ಸಾಲಿಗೆ ಬಂದು ನಿಲ್ಲುತ್ತಿತ್ತು. ಬಚ್ಚಲ ಬಾಗಿಲು ಬಡಿಯುತ್ತಿದ್ದವಳು ತಾನೇ, ಒಳಗೆ ಹಾಡುತ್ತಿದ್ದವಳೂ ತಾನೇ. ಬಣ್ಣದ ಪರದೆಯನ್ನು ಮುಚ್ಚಿದಳು. ಮುಚ್ಚಿದರೂ ಸಾಲಿನಲ್ಲಿ ನಿಂತಿದ್ದದ್ದು ಕರಗಬೇಕು. ಎರಡೂ ಅಂಗೈಯನ್ನು ತೊಡೆಯ ಕೆಳಗೆ ಹಾಕಿ ಅದರ ಮೇಲೆ ಕೂತಳು.

ಆ ಮನೆಯವರು ಲೋಕವನ್ನೆಲ್ಲ ಕಾಯಿಸಿದವರು. ಕಾಯುವುದನ್ನು ಮಾತ್ರ ಅವರಲ್ಲಿ ಯಾರೂ ಕಲಿತಿರಲಿಲ್ಲ. ನನ್ನ ಅಕ್ಕನ ಮಗಳು ತುಟಿ ಕಚ್ಚಿಕೊಂಡು ಕೂತಿದ್ದಳು. ಕೆಳಗೆ ಟೈರಿನ ಅಂಗಡಿಯಲ್ಲಿ ಯಾರೋ ಗಾಳಿ ತುಂಬುತ್ತಿದ್ದರು. ಆ ಬುಸುಬುಸು ಸದ್ದು ಇವಳ ಎದೆಯಿಂದಲೇ ಬರುತ್ತಿದೆಯೋ ಅನ್ನಿಸಿತು.

"ಈಗ ಸಾಕು" ಎಂದು ಕೈ ಹೊರಗೆ ತೆಗೆದು ಕರಿ ಪರದೆ ತೆರೆದಳು. ಒಂದು ಅಕ್ಷರ ಒತ್ತಿದಳು. ಏನೂ ಕಾಣಲಿಲ್ಲ. ಇನ್ನೊಂದು ಒತ್ತಿದಳು. ಮೊದಲನೆಯದು ಆಗ ಬಂತು, ಮುದುಕ ಮೆಟ್ಟಿಲು ಹತ್ತಿದ ಹಾಗೆ. ಏನು ಹೊಡೆಯುತ್ತಿದ್ದಾಳೋ ಅದು ಕಣ್ಣಿಗೆ ಬೀಳುವಷ್ಟರಲ್ಲಿ ಬೆರಳು ಮುಂದೆ ಹೋಗಿರುತ್ತದೆ. ಒಂದು ತಪ್ಪಾದರೆ ಪೂರ್ತಿ ಮೊದಲಿನಿಂದ. ಒಂದೊಂದೇ ಅಕ್ಷರವನ್ನು ಬಾಯಿಬಿಟ್ಟು ಹೇಳಿಕೊಳ್ಳು‍ತ್ತ, ಮಗ್ಗಿ ಕಲಿಯುವ ಮಗುವಿನ ಹಾಗೆ ಶಾಲೆಯ ಮಷಿನ್ನಿನ ಗುರುತು, ದೊಡ್ಡ ದರ್ಜೆಯ ಹೆಸರು ಎಲ್ಲ ಹೊಡೆದು ಮುಗಿಸಿ, ಕೊನೆಯ ಗುಂಡಿ ಒತ್ತಿದಳು.

ನಾವು ಮೂವರೂ ಪರದೆ ನೋಡುತ್ತಿದ್ದೆವು. ಅಳಿಯ ಅವನ ಪಂದ್ಯವನ್ನೇ ಮರೆತಿದ್ದ. ಮೊಬೈಲಿನಲ್ಲಿ ಯಾರೋ ಗೋಲು ಹೊಡೆದರು, ಯಾರೆಂದು ಕೇಳುವವರಿಲ್ಲ. ಕರಿ ಪರದೆಯ ಮೂಲೆಯಲ್ಲಿ ಒಂದು ಸಾಲು ತೆವಳಿಕೊಂಡು ಬಂತು. ಅಪ್ಪಣೆ ಜಾರಿಯಾಗಿದೆ ಎಂದು ಅದರ ಅರ್ಥ.

ಆಗ ಫೋನು ಹೊಡೆದುಕೊಂಡಿತು.

ಯಜಮಾನರು ಎತ್ತಿದರು. "ಹೂಂ... ಹೂಂ... ದೂರು ಇದೆಯಾ?" ಎಂದು ಬಿರಡೆಯ ಕಡೆ ನೋಡಿದರು. ಅವಳು ಕುರ್ಚಿಯ ಟೇಪು ಸುತ್ತಿದ ತೋಳನ್ನು ಬಿಗಿಯಾಗಿ ಹಿಡಿದಳು. "ಏನಂತ? ...ಶಾಲೆ ಪಟ್ಟಿ? ...ಬೇಗ ತೆರೀತಾ?" ಯಜಮಾನರು ಫೋನನ್ನು ಕಿವಿಯಿಂದ ದೂರ ಹಿಡಿದು ನಮಗೆ ವರದಿ ಒಪ್ಪಿಸಿದರು. "ಯಾರೋ ಹುಡುಗನ ಅಪ್ಪ. ಪಟ್ಟಿ ತಟ್ಟಂತ ತೆರೀತಂತೆ. ಮಗನ ಹೆಸರಿಲ್ಲ ಅನ್ನೋದು ತಟ್ಟಂತ ಗೊತ್ತಾಯ್ತಂತೆ. ಸ್ವಲ್ಪ ನಿಧಾನಕ್ಕೆ ತೆರೆದಿದ್ರೆ ಅಷ್ಟು ಹೊತ್ತಾದ್ರೂ ಆಸೆ ಇಟ್ಕೊಂಡಿರ್ತಿದ್ದೆ ಅಂತ ಬೈತಿದಾನೆ."

"ದೂರು ನಿಧಾನದ್ದಲ್ವಲ್ಲ" ಎಂದೆ ನಾನು.

"ಅಲ್ಲ. ಬೇಗದ್ದು" ಎಂದು ಯಜಮಾನರು ಒಪ್ಪಿಕೊಂಡು, ಆ ಅಪ್ಪನಿಗೆ ಎರಡು ಸಮಾಧಾನದ ಮಾತು ಹೇಳಿ ಫೋನಿಟ್ಟರು. ಅದು ಆ ದಿನ ಮತ್ತೆ ಬಾಯಿ ತೆರೆಯಲಿಲ್ಲ.

ಪಂದ್ಯ ಮುಗಿಯಿತು, ಪಟ್ಟಿಯ ನೂಕುನುಗ್ಗಲೂ ಇಳಿಯಿತು. ಬಿರಡೆ ಶಾಲೆಯನ್ನು ಮತ್ತೆ ಚಿಕ್ಕ ದರ್ಜೆಗೆ ಇಳಿಸಿದಳು, ಒಂದೊಂದೇ ಅಕ್ಷರ ಹೊಡೆದು. ಯಜಮಾನರು ಫೋನನ್ನು ಹೊರಗಿನ ಮೇಜಿಗೆ ವಾಪಸ್ಸು ಕಳಿಸಿ, ಕುರ್ಚಿ ನಿನ್ನದೇ ಕಣಮ್ಮಾ, ಅದರ ತೋಳಿಗೆ ಹೊಸ ಸ್ಪಂಜು ಹಾಕಿಸುತ್ತೇನೆ ಎಂದರು. ಅದನ್ನು ಅವರು ಇವತ್ತಿನವರೆಗೂ ಹಾಕಿಸಿಲ್ಲ.

ನಾನು ಫ್ಲಾಸ್ಕು ಬಿಚ್ಚಿ ಲೋಟಗಳನ್ನು ಸಾಲಾಗಿ ಇಡುತ್ತಿದ್ದೆ. ಅಳಿಯ ಸೊಂಟದ ಕೀಲಿ ತೆಗೆದು ಬೆರಳಿನಲ್ಲಿ ತಿರುಗಿಸುತ್ತ ಅವಳ ಪಕ್ಕ ಬಂದು ನಿಂತ. ಈ ಸಲ ಅಣಕವಿರಲಿಲ್ಲ.

"ಅಕ್ಕಾ, ಪಂತ ಮುಗೀತು, ನೀವು ಗೆದ್ರಿ. ಈಗ ಕೇಳಿದ್ರೆ ಯಾವ ದೂರೂ ಆಗಲ್ಲ. ಹೀಗೆ ದಿನಾ ಮುದುಕನ ಜೊತೆ ಮೆಟ್ಟಿಲು ಹತ್ತಬೇಕಾ? ನಿಮ್ಮ ಮಷಿನ್ನ ಒಂದೇ ಒಂದು ದರ್ಜೆ ಮೇಲಕ್ಕೆ ಹಾಕಿ ಬರ್ತೀನಿ. ಯಾರಿಗೂ ಹೇಳಲ್ಲ."

ಬಿರಡೆ ಕುರ್ಚಿಯನ್ನು ಪೂರ್ತಿ ಅವನ ಕಡೆಗೆ ತಿರುಗಿಸಿದಳು.

"ಯಾರಿಗೂ ಹೇಳಲ್ಲ ಅಂದ್ಯಲ್ಲ, ಅಲ್ಲೇ ಹೊಟ್ಟೆ ನೋವು ಶುರುವಾಯ್ತು ನನಗೆ. ಇವತ್ತು ಯಾರಿಗೂ ಹೇಳದೆ ನನ್ನದು, ನಾಳೆ ಯಾರಿಗೂ ಹೇಳದೆ ನಿನ್ನದು. ಬೇಡಪ್ಪಾ. ನೀನು ಹೋಗಿ ನಿನ್ನ ಎರಡನೇ ಕಾರ್ಡು ಕಿತ್ತು ಬಿಸಾಕು, ಅಷ್ಟು ಉಪಕಾರ ಮಾಡು. ಆ ಬಣ್ಣದ ಪರದೆನೂ ನೀನೇ ಇಟ್ಕೋ. ನನಗೆ ಕರೀದೇ ಸಾಕು. ಮಾವಾ, ಲೋಟ ಹಿಡ್ಕೊಂಡು ಏನು ಕಣ್ಣು ಬಿಡ್ತಿದ್ದೀರಾ, ಇವನಿಗೆ ಹಾಕಿ, ಯಜಮಾನರಿಗೆ ಹಾಕಿ, ನೀವೂ ಹಾಕ್ಕೊಳ್ಳಿ. ನನಗೆ ಕೊನೆಗೆ. ಊಹೂಂ, ನನ್ನ ಲೋಟಕ್ಕೆ ನಾನೇ ಬಗ್ಗಿಸ್ಕೋತೀನಿ, ಫ್ಲಾಸ್ಕು ಅಲುಗಾಡಿಸ್ಬೇಡಿ. ಸಕ್ಕರೆ ಎಲ್ಲ ತಳದಲ್ಲಿ ಕೂತಿರುತ್ತೆ."